ಕಿವಿಗೆ ಕೂತವರು

ನಮ್ಮೂರಿನಲ್ಲಿ ಕಿವಿಗೆ ಕೂರುವುದೂ ಒಂದು ಕೆಲಸ. ಕಲ್ಲು ಒಡೆಯುವುದು, ಹಿಟ್ಟಿನ ಗಿರಣಿ ನಡೆಸುವುದು ಹೇಗೋ ಹಾಗೆ. ನನ್ನ ಮೂಲ ಕಸುಬು ಗಾದಿ ಹೊಲಿಯುವುದು. ಕೀಲುಮನೆಗೆ ಅರಳೆ ಕೊಡಲು ಹೋಗಿ ಬಂದು ಮಾಡುತ್ತಿದ್ದೆ. ಒಂದು ದಿನ ಕೂರಬೇಕಾದವರು ಬರಲಿಲ್ಲ. ಕೀಲುಮನೆ ನಡೆಸುವ ಜುಬೇದಾ ಬಾಯಿ ನನ್ನ ಕೈಯಿಂದ ಅರಳೆಯ ಗಂಟು ಇಳಿಸಿ, ನನ್ನನ್ನೇ ಕುರ್ಚಿಯ ಮೇಲೆ ಕೂರಿಸಿದರು. ಆ ದಿನ ನಾನು ಏನು ಕೇಳಿದೆ ಎಂಬುದನ್ನು ಹೇಳುವಂತಿಲ್ಲ. ಕೇಳಿದ ಮೇಲೆ ಮನೆಗೆ ಹೋಗಿ ರೊಟ್ಟಿ ಬಡಿದೆ, ರೊಟ್ಟಿ ದುಂಡಗೇ ಬಂತು, ಇಷ್ಟನ್ನು ಹೇಳಬಹುದು. ಮರುದಿನ ಅದನ್ನೇ ಜುಬೇದಾ ಬಾಯಿಗೆ ಹೇಳಿದಾಗ ಆಕೆ ನಕ್ಕು, ಹಾಗಾದರೆ ನಾಳೆಯಿಂದ ಬಾ ಎಂದರು.

ಕೀಲುಮನೆ ಎಂದರೆ ನಮ್ಮೂರಿನ ಫಿಸಿಯೋಥೆರಪಿಯ ಮನೆ. ಮೊದಲು ಶೇಂಗಾ ತುಂಬುತ್ತಿದ್ದ ಗೋದಾಮು. ಒಳಕೋಣೆಯ ಗೋಡೆಗಳಿಗೂ ಬಾಗಿಲಿಗೂ ನಾನು ಹೊಲಿದ ದಪ್ಪ ಗಾದಿಗಳನ್ನು ಜಡಿದಿದ್ದೇವೆ, ಒಳಗಿನ ಸದ್ದು ಹೊರಗೆ ಹೋಗಬಾರದೆಂದು. ನಮ್ಮೂರಿನವರು ಬೆಚ್ಚಿದರೆ, ಬೆಚ್ಚಿದ ಆ ಗಳಿಗೆ ಮೈಯಲ್ಲಿ ಎಲ್ಲೋ ಒಂದು ಕಡೆ ಕಚ್ಚಿಕೊಂಡು ಕೂರುತ್ತದೆ. ಒಬ್ಬರಿಗೆ ಹೆಗಲು ಕಿವಿಯ ತನಕ ಏರಿ ಅಲ್ಲೇ ನಿಲ್ಲುತ್ತದೆ. ಇನ್ನೊಬ್ಬರಿಗೆ ದವಡೆ, ಮತ್ತೊಬ್ಬರಿಗೆ ಮುಷ್ಟಿ. ಅಂಥವರಿಗೆ ನಿದ್ದೆ ಇರುವುದಿಲ್ಲ. ತಟ್ಟೆ ಬಿದ್ದರೆ ಮಂಚದ ಕೆಳಗೆ ಸೇರುತ್ತಾರೆ, ಮಕ್ಕಳ ಮೇಲೆ ಕೈ ಎತ್ತುತ್ತಾರೆ, ಆಮೇಲೆ ಮೂಲೆಯಲ್ಲಿ ಕೂತು ಅಳುತ್ತಾರೆ. ಜುಬೇದಾ ಬಾಯಿ ಅವಸರದವರಲ್ಲ. ಬಿಸಿನೀರಿನ ಚೀಲ ಇಡುತ್ತಾರೆ. ಬರಿಗಾಲನ್ನು ನೆಲಕ್ಕೆ ಒತ್ತಿಸಿ, ನೆಲ ತಣ್ಣಗಿದೆಯೋ ಬೆಚ್ಚಗಿದೆಯೋ ಎಂದು ಕೇಳುತ್ತಾರೆ. ರಬ್ಬರಿನ ಪಟ್ಟಿ ಎಳೆಸುತ್ತಾರೆ, ಗೋಡೆಯ ಮೇಲೆ ಬೆರಳು ಹತ್ತಿಸುತ್ತಾರೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಉಸಿರಾಡಲು ಕಲಿಸುತ್ತಾರೆ. ಆ ದಿನ ಮುಗಿದುಹೋಗಿದೆ ಎಂದು ಮೈಗೆ ಬಾಯಿಮಾತಿನಲ್ಲಿ ಹೇಳಿದರೆ ಅದು ನಂಬುವುದಿಲ್ಲ, ಮೈಯೇ ತಿಳಿದುಕೊಳ್ಳಬೇಕು ಎನ್ನುತ್ತಾರೆ. ಅದಕ್ಕೆ ವಾರಗಳು ಹಿಡಿಯುತ್ತವೆ, ತಿಂಗಳುಗಳೂ ಹಿಡಿಯುತ್ತವೆ.

ಕೀಲು ತಾನಾಗಿ ಬಿಡುವ ದಿನ ಹತ್ತಿರ ಬಂದರೆ ಅವರ ಕೈಗೆ ಗೊತ್ತಾಗುತ್ತದೆ. ಆ ದಿನ ರೋಗಿಯ ಕಿವಿಗೆ ಅರಳೆ. ಜುಬೇದಾ ಬಾಯಿಯ ಕಿವಿಗೂ ಅರಳೆ, ಸದ್ದಿಗೆ ಕೈ ಅದುರಿದರೆ ಕೀಲು ಹರಿಯುತ್ತದೆ. ಕೇಳುವವರು ಕುರ್ಚಿಯ ಮೇಲೆ ಕೂತವರೊಬ್ಬರೇ. ಬೆಚ್ಚಿದ ಗಳಿಗೆಯಲ್ಲಿ ಮೈ ಹಿಡಿದಿಟ್ಟಿದ್ದ ಸದ್ದು ಒಂದೇ ಸಲ ಹೊರಗೆ ಬರುತ್ತದೆ, ಮತ್ತೆ ಬರುವುದಿಲ್ಲ. ಸಂಬಂಧವಿಲ್ಲದ ಕಿವಿಗೆ ಬಿದ್ದರೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೋಗಿಬಿಡುತ್ತದೆ. ನೆಂಟರ ಕಿವಿಗೆ ಬಿದ್ದರೆ ಅಲ್ಲೇ ಬೇರು ಬಿಡುತ್ತದೆ, ಅದಕ್ಕೇ ನೆಂಟರು ಕೂರುವಂತಿಲ್ಲ. ಎಲ್ಲ ಮುಗಿದ ಮೇಲೆ ಕೂತವರು ಎದ್ದು ರೋಗಿಯ ಕಿವಿಯ ಅರಳೆ ತೆಗೆದು, "ಹೋತು, ಏಳು" ಎನ್ನಬೇಕು. ಅಷ್ಟೇ ಮಾತು. ಏನು ಕೇಳಿಸಿತು ಎಂದು ರೋಗಿ ಕೇಳಬಾರದು, ಕೂತವರು ಸಾಯುವ ತನಕ ಬಾಯಿ ಬಿಡಬಾರದು. ಈ ಒಂದು ಕಟ್ಟಳೆಯನ್ನು ನಮ್ಮೂರಿನಲ್ಲಿ ಕಳ್ಳನೂ ಮುರಿಯುವುದಿಲ್ಲ. ಮುರಿದರೆ ನಾಳೆ ಯಾರು ತಾನೇ ಬಂದು ಆ ಹಾಸಿಗೆಯ ಮೇಲೆ ಮಲಗಿಯಾರು?

ನನ್ನ ತಮ್ಮ ಲಗಮಣ್ಣ ಗುಡ್ಡದ ಕಲ್ಲುಗಣಿಯಲ್ಲಿ ಸೀಟಿ ಊದುವವನು. ಅವ್ವ ಸತ್ತಾಗ ಅವನಿಗಿನ್ನೂ ಹಾಲುಹಲ್ಲು, ನಾನೇ ಬೆಳೆಸಿದೆ. ಹಿತ್ತಾಳೆಯ ಆ ಸೀಟಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳಪು ಮಾಡಿ ಕೊರಳಲ್ಲಿ ಹಾಕಿಕೊಳ್ಳುತ್ತಿದ್ದ, ಉಣ್ಣುವಾಗಲೂ ತೆಗೆಯುತ್ತಿರಲಿಲ್ಲ. ಸಾರಿನಲ್ಲಿ ಅದ್ದೀತು ತೆಗೆಯೋ ಎಂದರೆ, ಗಣಿಯಾಗ ಎಲ್ಲಾರ ಜೀವ ಇದರಾಗ ಐತಿ ಅಕ್ಕಾ ಎನ್ನುತ್ತಿದ್ದ. ಕಲ್ಲಿಗೆ ಮದ್ದು ಹಾರಿಸುವ ಮೊದಲು ಮೂರು ಸಲ ಉದ್ದಕ್ಕೆ ಊದಬೇಕು. ಮೂರನೆಯದು ನಿಂತ ಮೇಲೆ ಮದ್ದಿನವನು ಬತ್ತಿಗೆ ಬೆಂಕಿ ಇಡುತ್ತಾನೆ.

ಅನಾಹುತ ಆದ ದಿನ ಗಣಿಯ ತಗ್ಗಿನಲ್ಲಿ ಇದ್ದವರು ಅಣ್ಣ ತಮ್ಮ ಇಬ್ಬರೇ, ಫಕೀರಪ್ಪ ಮತ್ತು ಸೋಮನಿಂಗ. ಕಲ್ಲಿಗೆ ರಂಧ್ರ ಕೊರೆಯುತ್ತಿದ್ದರು. ಉಳಿದವರೆಲ್ಲ ಗುಡ್ಡದ ಆಚೆ ಮಗ್ಗುಲಲ್ಲಿ ಕಲ್ಲು ಕೊಯ್ಯುವ ಮಿಷನ್ನಿನ ಹತ್ತಿರ. ಆ ಮಿಷನ್ನು ತಿರುಗುತ್ತಿದ್ದರೆ ಪಕ್ಕದಲ್ಲಿದ್ದವನು ಬೈದರೂ ಕೇಳಿಸುವುದಿಲ್ಲ. ಮದ್ದು ಹಾರಿತು. ಸೋಮನಿಂಗ ಕಲ್ಲಿನಡಿ ಹೋದ. ಫಕೀರಪ್ಪನ ಕಾಲು ಮುರಿಯಿತು. ಮದ್ದಿನವನನ್ನು ಗಣಿಯ ಗುತ್ತೇದಾರ ಮರುದಿನ ಬೆಳಕು ಹರಿಯುವುದರೊಳಗೆ ಊರಿನಿಂದ ಸಾಗಿಸಿಬಿಟ್ಟ. ಆಮೇಲೆ ಎಲ್ಲರ ಮುಂದೆ ನನ್ನ ತಮ್ಮನನ್ನು ನಿಲ್ಲಿಸಿ, ಸೀಟಿ ಊದಿದ್ದೀಯೋ ಇಲ್ಲವೋ ಎಂದು ಕೇಳಿದ. ಆಗ ಲಗಮಣ್ಣ ನಿಜ ಹೇಳಿದ, ಅದೇ ಅವನಿಗೆ ಮುಳುವಾಯಿತು. "ನೆನಪಿಲ್ರೀ" ಎಂದ. ಬೆಳಿಗ್ಗೆ ಗುಡ್ಡ ಹತ್ತಿದ್ದು ನೆನಪಿತ್ತು, ಸಂಜೆ ಯಾರೋ ಅವನ ಕೈಗೆ ನೀರಿನ ತಂಬಿಗೆ ಕೊಟ್ಟದ್ದು ನೆನಪಿತ್ತು, ನಡುವಿನದು ತೊಳೆದುಹೋಗಿತ್ತು.

ಆಸ್ಪತ್ರೆಯ ಮಂಚದ ಮೇಲಿಂದ ಫಕೀರಪ್ಪ ಹೇಳಿದ, ಸೀಟಿ ಕೇಳಿಸಲಿಲ್ಲ ಎಂದು. ಅವನು ಬೇಕೆಂದೇ ಸುಳ್ಳು ಹೇಳಿದನೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಬೆಚ್ಚಿದವನ ತಲೆ ತನಗೆ ತಡೆಯುವಷ್ಟನ್ನೇ ಇಟ್ಟುಕೊಳ್ಳುತ್ತದೆ. ಆದರೆ ನಮ್ಮೂರಿನ ಲೆಕ್ಕ ಬೇರೆ. ಕಾಲಿನ ಪಟ್ಟಿ ಬಿಚ್ಚಿದ ಮೇಲೆ ಫಕೀರಪ್ಪ ನೆಟ್ಟಗೆ ನಡೆದಾಡಿದ, ಅವನ ಮೈಯಲ್ಲಿ ಎಲ್ಲೂ ಏನೂ ಕಚ್ಚಿಕೊಂಡಿರಲಿಲ್ಲ. ಮೈ ಬಿಗಿಯದವನ ಮಾತನ್ನು ನಮ್ಮವರು ಪ್ರಶ್ನೆ ಮಾಡುವುದಿಲ್ಲ. ಒಳಗೆ ಮುಚ್ಚಿಡುವಂಥದ್ದು ಇದ್ದರೆ ತಾನೇ ಮೈ ಹಿಡಿದುಕೊಳ್ಳುವುದು ಎನ್ನುತ್ತಾರೆ. ನನ್ನ ತಮ್ಮನ ಮೈಯೋ, ಊರಿಗೇ ಕಾಣುವಂತೆ ಬಿಗಿದಿತ್ತು. ಎದೆಗೂಡು ಮೇಲೆದ್ದು ಅಲ್ಲೇ ನಿಂತುಬಿಟ್ಟಿತ್ತು, ತುಂಬ ಗಾಳಿ ಎಳೆದುಕೊಂಡವನ ಎದೆ ನಿಲ್ಲುವಂತೆ. ಕತ್ತಿನ ನರ ಹಗ್ಗದ ಹಾಗೆ. ಆ ಎದೆಯ ಮೇಲ್ತುದಿಯಲ್ಲಿ ಚೂರುಪಾರು ಉಸಿರಾಡುತ್ತಿದ್ದ. ಅದನ್ನು ನೋಡಿ ಚಹಾದಂಗಡಿಯ ಕಟ್ಟೆಯ ಮೇಲಿನವರು ಒಂದು ಮಾತು ಕಟ್ಟಿದರು: "ಊದಾಕಂತ ತಗೊಂಡ ಉಸುರು. ಊದಲಿಲ್ಲ, ಅಲ್ಲೇ ಐತಿ ನೋಡ್ರಿ." ಯಾರಿಗೂ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಲಿಲ್ಲ. ಕೊನೆಗೆ ಲಗಮಣ್ಣನೂ ನಂಬಿದ. ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನಿಂತು ತನ್ನ ಎದೆಯನ್ನು ನೋಡಿಕೊಳ್ಳುತ್ತಿದ್ದ. ನಾನು ಕನ್ನಡಿಯನ್ನು ಗೋಡೆಯಿಂದ ಇಳಿಸಿ ಟ್ರಂಕಿನಲ್ಲಿಟ್ಟೆ.

ಜುಬೇದಾ ಬಾಯಿ ಅವನನ್ನು ಬೇಡ ಎನ್ನಲಿಲ್ಲ. ಪಕ್ಕೆಲುಬುಗಳ ನಡುವೆ ಬೆರಳಿಟ್ಟು ದಿನಾ ಒಂದಿಷ್ಟು ಸಡಿಲ ಮಾಡಿದರು. ಬೆನ್ನಿನ ಕೆಳಗೆ ಸುತ್ತಿದ ಟವೆಲ್ಲು ಇಟ್ಟು ಮಲಗಿಸಿದರು, ಕೈಗಳನ್ನು ತಲೆಯ ಮೇಲೆ ಏರಿಸಿ ಇಳಿಸುವುದನ್ನು ಕಲಿಸಿದರು. ಎಲ್ಲ ಮಾಡುತ್ತಿದ್ದ. ಬಾಟಲಿಯ ನೀರಿಗೆ ಕೊಳವೆಯಿಂದ ಊದಿ ಗುಳ್ಳೆ ಎಬ್ಬಿಸು, ಮೇಜಿನ ಮೇಲಿನ ಅರಳೆಯ ಉಂಡೆಯನ್ನು ಊದಿ ಆಚೆ ದಾಟಿಸು ಎಂದರೆ ಮಾತ್ರ ತುಟಿ ಬಿಗಿದುಕೊಂಡು ಕೂರುತ್ತಿದ್ದ. ಮನೆಯಲ್ಲಿ ಒಲೆಯ ಊದುಗೊಳವೆಯನ್ನೂ ಮುಟ್ಟುತ್ತಿರಲಿಲ್ಲ. ಈ ಎದೆ ಹೀಗೇ ನಿಂತರೆ ಶ್ವಾಸಕೋಶದ ಕೆಳಭಾಗಕ್ಕೆ ಗಾಳಿ ಹೋಗುವುದಿಲ್ಲ, ಕಫ ಕಟ್ಟುತ್ತದೆ, ಈ ಚಳಿಗಾಲ ದಾಟುವುದು ಕಷ್ಟ ಎಂದು ಜುಬೇದಾ ಬಾಯಿ ನನ್ನೊಬ್ಬಳನ್ನೇ ಕರೆದು ಹೇಳಿದರು. ಆಮೇಲೆ ಒಂದು ಬೆಳಿಗ್ಗೆ, ಎದೆ ಬಿಡುವ ದಿನ ಹತ್ತಿರ ಬಂದಿದೆ, ಕೂರುವವರನ್ನು ನೋಡು ಎಂದರು.

ನಾನು ಅಕ್ಕ, ನಾನು ಕೂರುವಂತಿಲ್ಲ. ಇನ್ನು ಕಿವಿಗೆ ಕೂರುವವರು ಊರಿನಲ್ಲಿ ಇಬ್ಬರು. ಗಿರಣಿಯ ಶಂಕ್ರವ್ವ ಮೊಮ್ಮಗಳ ಬಾಣಂತನ ಎಂದಳು. ಮೊಮ್ಮಗಳು ಬಸುರಿಯೇ ಆಗಿರಲಿಲ್ಲ. ಮುದಿ ಕಂಪೌಂಡರ್ ಕಿವಿ ಸೋರುತ್ತಿದೆ ಎಂದು ತಲೆ ವಾಲಿಸಿ ತೋರಿಸಿದರು. ಬೇರೆಯವರನ್ನೂ ಕೇಳಿದೆ, ಗಾದಿ ಹೊಲಿಸಿಕೊಂಡವರನ್ನು, ನನ್ನಿಂದ ಉಪಕಾರವಾದವರನ್ನು. ಕೊಂದವನ ಎದೆಯ ಸದ್ದು ನಮ್ಮ ಕಿವಿಯಲ್ಲಿ ಯಾಕೆ ಎಂದು ಬಾಯಿ ಬಿಟ್ಟು ಹೇಳಿದವಳು ಒಬ್ಬಳೇ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಉಳಿದವರು ಚಹಾ ಕುಡಿಸಿ ಕಳಿಸಿದರು.

ಬರುವಾಗ ಅಂಗಡಿಯ ಕಟ್ಟೆಯ ಮೇಲೆ ಫಕೀರಪ್ಪ ಕೂತಿದ್ದ. ಎಂದಿನಂತೆ ಸುತ್ತ ಜನ. ಅವನ ದುಃಖಕ್ಕೆ ಆ ಕಟ್ಟೆಯ ಮೇಲೆ ಕಾಯಂ ಜಾಗವಿತ್ತು. ನಾನು ದಾಟಿ ಹೋಗುವಾಗ, ಬೇಕಾದರೆ ಅವನ ಎದೆ ಬಗೆದು ನೋಡಲಿ, ಒಂದು ಪೀಂ ಅನ್ನುವ ಸದ್ದು ಬಂದರೆ ಈ ಊರು ಬಿಡುತ್ತೇನೆ ಎಂದು ಅವನು ನನಗೆ ಕೇಳುವಂತೆಯೇ ಹೇಳಿದ. ನಾನು ನಿಂತೆ.

"ಹಂಗಾರ ನೀನ ಬಂದು ಕೂಡು ಫಕೀರಪ್ಪಾ," ಎಂದೆ. "ನೀ ಅವನ ನೆಂಟನಲ್ಲ. ಕಟ್ಟಳೆ ನಿನಗ ಅಡ್ಡ ಬರೂದಿಲ್ಲ. ಬರೇ ಮಾತಾಡ್ತೀಯೋ, ಕೇಳಾಕೂ ಗುಂಡಿಗಿ ಐತೋ?"

ಕಟ್ಟೆಯ ಮೇಲಿನವರೆಲ್ಲ ಅವನ ಕಡೆ ತಿರುಗಿದರು. ಫಕೀರಪ್ಪ ಎಲ್ಲರ ಮುಖ ನೋಡಿದ. ಅಷ್ಟು ಜನರ ಮುಂದೆ ಆಗುವುದಿಲ್ಲ ಎನ್ನುವುದು ಗಂಡಸಿಗೆ ಕಷ್ಟ. ಅದು ನನಗೆ ಗೊತ್ತಿದ್ದೇ ಕೇಳಿದ್ದೆ.

"ಬರ್ತೇನಿ," ಎಂದ. "ನನ್ನ ತಮ್ಮನ ಸಲುವಾಗಿ ಬರ್ತೇನಿ. ನಿನ್ನ ತಮ್ಮನ ಸಲುವಾಗಿ ಅಲ್ಲ."

ಜುಬೇದಾ ಬಾಯಿಗೆ ಇದು ಸರಿ ಬರಲಿಲ್ಲ. ಅವನು ನೆಂಟನಲ್ಲ ಎಂಬುದು ನಿಜ, ಆದರೆ ಆ ಸದ್ದಿನೊಳಗೆ ಅವನೂ ಇದ್ದಾನಲ್ಲ ಬಾಳಕ್ಕಾ, ಅವನ ಕಿವಿಯಿಂದ ಅದು ಆಚೆ ಹೋದೀತೇ ಎಂದು ಕೇಳಿದರು. ಬೇರೆ ಯಾರಿದ್ದಾರೆ ಬಾಯಾರ ಎಂದೆ ನಾನು. ಒಳಗೊಳಗೆ ನನ್ನದೊಂದು ಲೆಕ್ಕವಿತ್ತು. ಅವನು ಸೀಟಿ ಕೇಳಿಸಿಕೊಳ್ಳುತ್ತಾನೆ. ಹೊರಗೆ ಹೇಳುವಂತಿಲ್ಲ, ಆದರೆ ಬಯ್ಯುವುದನ್ನಂತೂ ನಿಲ್ಲಿಸುತ್ತಾನೆ. ಬೈಯುತ್ತಿದ್ದವನು ಬಾಯಿ ಮುಚ್ಚಿದರೆ ಊರು ತಾನೇ ಅರ್ಥ ಮಾಡಿಕೊಳ್ಳುತ್ತದೆ. ಕಟ್ಟಳೆಯೂ ಉಳಿಯುತ್ತದೆ, ತಮ್ಮನ ಹೆಸರೂ ಉಳಿಯುತ್ತದೆ. ಊರಿನ ಬುದ್ಧಿಯನ್ನು ಇಷ್ಟು ಕಾಲ ನೋಡಿದವಳು ನಾನು, ಆದರೂ ಹಾಗೆಂದುಕೊಂಡೆ.

ಎದೆ ಬಿಡುವ ದಿನ ಫಕೀರಪ್ಪ ಚಪ್ಪಲಿಯನ್ನು ಹೊಸ್ತಿಲ ಪಕ್ಕ ಜೋಡಿಸಿಟ್ಟು ಒಳಗೆ ಹೋದ. ಗಾದಿ ಜಡಿದ ಬಾಗಿಲು ಮುಚ್ಚಿತು. ನಾನು ಹೊರಗೆ ಅರಳೆ ಬಿಡಿಸುತ್ತ ಕೂತೆ. ಒಳಗಿನಿಂದ ಎಳೆಯಷ್ಟೂ ಸದ್ದು ಬರಲಿಲ್ಲ. ನನ್ನ ಕೈಹೊಲಿಗೆಯನ್ನು ನಾನೇ ಶಪಿಸಿದ ದಿನ ಅದೊಂದೇ. ಬಾಗಿಲು ತೆರೆದಾಗ ಮೊದಲು ಕಂಡದ್ದು ತಮ್ಮನ ಎದೆ. ಇಳಿದಿತ್ತು. ಎಲ್ಲರ ಎದೆಯಂತೆ ಏರುತ್ತಿತ್ತು, ಇಳಿಯುತ್ತಿತ್ತು. ಫಕೀರಪ್ಪ ಅವನ ಒಂದು ಕಿವಿಯ ಅರಳೆ ತೆಗೆದಿದ್ದ, ಇನ್ನೊಂದನ್ನು ಮರೆತಿದ್ದ. "ಹೋತು," ಎಂದ. "ಏಳು" ಎನ್ನಲಿಲ್ಲ. ನನ್ನನ್ನು ದಾಟಿ ಅಂಗಳಕ್ಕೆ ಇಳಿದು, ಬರಿಗಾಲಲ್ಲಿ ಬಿಸಿಲಿನ ರಸ್ತೆ ಹಿಡಿದು ಹೊರಟ. ಚಪ್ಪಲಿ ಅಲ್ಲೇ ಉಳಿದವು. ಒಳಗೆ ಅವನಿಗೆ ಸೀಟಿ ಕೇಳಿಸಿದೆ ಎಂದು ಆಗಲೇ ನನಗೆ ಅರ್ಧ ತಿಳಿಯಿತು.

ಲಗಮಣ್ಣ ಆ ದಿನ ಮಧ್ಯಾಹ್ನ ಮಲಗಿದವನು ಮರುದಿನ ಎದ್ದ. ಎದ್ದವನೇ ಹಸಿವು ಎಂದ. ಇಷ್ಟು ಸಾಕು ದೇವರೇ ಎಂದುಕೊಂಡೆ, ಆದರೆ ಸಾಕಾಗಲಿಲ್ಲ. ಉಸಿರಾಡುತ್ತಿದ್ದ, ಊದುತ್ತಿರಲಿಲ್ಲ. ಬಾಟಲಿಯ ನೀರು ಮಿಸುಕಲಿಲ್ಲ, ಅರಳೆಯ ಉಂಡೆ ಮೇಜಿನ ಮೇಲೇ ಕೂತಿತ್ತು. ಎದೆ ಖಾಲಿಯಾಗಿತ್ತು, ನಂಬಿಕೆ ಹಾಗೇ ಇತ್ತು, ತಾನು ಊದಲಿಲ್ಲ ಎಂಬ ನಂಬಿಕೆ.

ಊರು ಏನು ಮಾಡಿತು ಎಂಬುದನ್ನು ಹೇಳಬೇಕು. ಫಕೀರಪ್ಪ ಬಾಯಿ ಮುಚ್ಚಿದ, ನಾನು ಎಣಿಸಿದ ಹಾಗೆಯೇ. ಕಟ್ಟೆಯ ಮೇಲೆ ಲಗಮಣ್ಣನ ಹೆಸರು ಬಂದರೆ ಎದ್ದು ಹೋಗುತ್ತಿದ್ದ. ಊರಿನವರು ಅದನ್ನು ನೋಡಿದರು, ಮೆಚ್ಚಿದರು. ಎಂಥ ದೊಡ್ಡ ಮನಸ್ಸು ನೋಡಿ, ತಮ್ಮನನ್ನು ಕೊಂದವನಿಗೆ ಕಿವಿ ಕೊಟ್ಟ, ಒಳಗೆ ಕೇಳಿದ ಪಾಪವನ್ನು ಹೊರಗೆ ಹಾಕಲಿಲ್ಲ, ಈಗ ಬಯ್ಯುವುದನ್ನೂ ಬಿಟ್ಟಿದ್ದಾನೆ ಎಂದರು. ಸೀಟಿ ಕೇಳಿಸಿದ್ದರೆ ಮುಖದ ಮೇಲಾದರೂ ಗೊತ್ತಾಗುತ್ತಿರಲಿಲ್ಲವೇ, ಪಾಪ ಎಷ್ಟು ಇಳಿದುಹೋಗಿದ್ದಾನೆ ಎಂದರು. ಅವನ ಮೌನ ನನ್ನ ತಮ್ಮನ ಮೇಲೆ ಇನ್ನೊಂದು ಬಂಡೆಯಾಗಿ ಕೂತಿತು, ಹೊತ್ತು ತಂದವಳು ನಾನೇ. ಚಹಾದಂಗಡಿಯವನು ಮೊದಲು ಫಕೀರಪ್ಪನಿಗೆ ಚಹಾ ಕೊಟ್ಟು ಆಮೇಲೆ ಬೇರೆಯವರಿಗೆ ಕೊಡಲು ಶುರು ಮಾಡಿದ.

ಚಳಿ ಮುಗಿಯುವ ಹೊತ್ತಿಗೆ ಫಕೀರಪ್ಪನ ಬಲಗೈ ಕಿವಿಯ ಕಡೆಗೆ ಏರತೊಡಗಿತು. ಮೊದಲು ಕಿವಿ ಕೆರೆಯುವವನಂತೆ ಕಂಡಿತು. ಆಮೇಲೆ ಅಂಗೈ ಕಿವಿಯನ್ನು ಮುಚ್ಚಿ ಅಲ್ಲೇ ಬಿಗಿಯಿತು, ಮೊಣಕೈ ಪಕ್ಕಕ್ಕೆ ಚಾಚಿಕೊಂಡಿತು. ಅಂಗಿ ತೊಡುವುದೂ ಕಷ್ಟ, ಎಡಗೈಯಲ್ಲಿ ಉಣ್ಣುತ್ತಿದ್ದ. ಗಣಿಯ ಕೆಲಸ ಹೋಯಿತು. ಸದಾ ಕಿವಿ ಮುಚ್ಚಿಕೊಂಡು ತಿರುಗುವ ಅವನನ್ನು ಕಂಡು ಜನ ಇನ್ನಷ್ಟು ಮರುಗಿದರು, ಬೇರೆಯವನ ಪಾಪ ಇವನಿಗೆ ಅಂಟಿತು ಎಂದು.

ಒಂದು ಮಧ್ಯಾಹ್ನ ನಾನು ಅಂಗಳದಲ್ಲಿ ಹಳೆಯ ಗಾದಿ ಬಿಚ್ಚಿ ಅರಳೆ ಬಿಸಿಲಿಗೆ ಹಾಕುತ್ತಿದ್ದಾಗ ಬಂದ. ಲಗಮಣ್ಣ ಸಂತೆಗೆ ಹೋಗಿದ್ದನ್ನು ನೋಡಿಕೊಂಡೇ ಬಂದಿರಬೇಕು. ಕೂತುಕೋ ಎಂದೆ. ಕೂರಲಿಲ್ಲ.

"ಜುಬೇದಾ ಬಾಯಿ ಕೈ ಹಚ್ತೇನಿ ಅಂದಾರ," ಎಂದ. "ಕಿವಿಗೆ ನೀ ಕೂಡಬೇಕ ಬಾಳಕ್ಕ. ಬ್ಯಾರೇದವರು ಬ್ಯಾಡ."

"ನಾ ಯಾಕೋ?"

"ನೀ ಎಷ್ಟ ಮಂದೀದು ಕೇಳೀದಿ. ಒಂದರೆ ಹೊರಗ ಬಂದೈತೇನು?" ಅವನ ಕಣ್ಣು ಅರಳೆಯ ಮೇಲಿತ್ತು. "ಕೈ ಒತ್ತಿ ಹಿಡದರೂ ಕೇಳಸ್ತದ. ಬ್ಯಾರೆ ಏನಲ್ಲ, ನನ್ನ ದನೀನ ಕೇಳಸ್ತದ. ಇನ್ನೊಂದ ತೂತು ಐತಿ, ಮುಗಿಸೇ ಏಳೂಣು ಕೂಡೋ ಅಂತ."

ಅಷ್ಟು ಹೇಳಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ತಿಳಿಯಿತು. ನಾನು ಅರಳೆ ಬಿಡಿಸುವುದನ್ನು ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಕೈ ಎತ್ತಿಬಿಡುತ್ತಿದ್ದೆನೋ ಏನೋ. ಏಳೋಣ ಎಂದರೆ, ಏಳಲು ಯಾರೋ ಹೇಳಿದ್ದಾರೆ ಎಂದಾಯಿತು. ಗಣಿಯಲ್ಲಿ ಏಳಲು ಹೇಳುವುದು ಸೀಟಿಯೊಂದೇ.

ಆ ಕಟ್ಟೆಯ ಮೇಲೆ ಕೂತು ಒಂದು ಮಾತು ಹೇಳು, ಯಾರ ಕೈಯೂ ಹಚ್ಚದೆ ನಿನ್ನ ಕೈ ತಾನೇ ಇಳಿಯುತ್ತದೆ ಎಂದೆ. ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ.

"ಕಿವಿಗೆ ಕುಂತಾವ ಹೇಳಬಾರದಲ್ಲ ಅಕ್ಕ. ನಿಮ್ಮದ ಕಟ್ಟಳೆ." ಮತ್ತೆ ಅರಳೆಯ ಕಡೆ ತಿರುಗಿ, "ನಮ್ಮವ್ವ ಇನ್ನೂ ಅದಾಳ," ಎಂದ. "ಸಣ್ಣಾವನ್ನ ಹಿಡದು ಕೂಡಿಸಿದಾವ ದೊಡ್ಡಾವ ಅಂತ ಆಕಿಗೆ ನಾ ಹೆಂಗ ಹೇಳಲಿ?"

ಅವನ ಅವ್ವನನ್ನು ನಾನು ಬಲ್ಲೆ. ಸೋಮನಿಂಗನ ಅಂಗಿಯನ್ನು ದಿಂಬಿಗೆ ತುಂಬಿ ಹೊಲಿದು ಕೊಡು ಎಂದು ನನ್ನ ಬಳಿಯೇ ತಂದಿದ್ದಳು, ಹೊಲಿದು ಕೊಟ್ಟಿದ್ದೆ. ಸಿಟ್ಟು ಹೋಗಲಿಲ್ಲ, ಆದರೆ ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ. ಬಾ ಎಂದೆ. ಕೈ ಬಿಡುವ ದಿನ ಯಾವುದೆಂದು ಜುಬೇದಾ ಬಾಯಿ ಹೇಳಲಿ, ಕುರ್ಚಿ ಖಾಲಿ ಇರುವುದಿಲ್ಲ ಎಂದೆ. ನಾನೇ ಕೂರುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆಮೇಲಿನ ಅಷ್ಟೂ ವಾರ ಕೀಲುಮನೆಯಲ್ಲಿ ಅವನು ಗೋಡೆಯ ಮೇಲೆ ಬೆರಳು ಹತ್ತಿಸುವುದನ್ನು, ಅಂಗಾಲು ಒತ್ತಿ ನಿಲ್ಲುವುದನ್ನು ನೋಡುತ್ತ ಯೋಚಿಸಿದೆ. ನನ್ನ ಕಿವಿ ಅಕ್ಕನ ಕಿವಿ. ಆ ಸದ್ದು ಮೂಲದಲ್ಲಿ ನನ್ನ ತಮ್ಮನ ಎದೆಯದು, ಫಕೀರಪ್ಪನ ಕಿವಿಯಲ್ಲಿ ಬಾಡಿಗೆಗೆ ಇದೆ ಅಷ್ಟೇ. ನಾನು ಕೂತರೆ ಕಟ್ಟಳೆ ಮುರಿದಂತೆ. ಶಂಕ್ರವ್ವ ಕೂತರೆ ಅದು ಆಚೆ ಹೋಗಿ ಗಾಳಿಗೆ ಸೇರುತ್ತದೆ, ಮತ್ತೆಂದೂ ಸಿಗುವುದಿಲ್ಲ. ಫಕೀರಪ್ಪನಿಗೆ ನೆಂಟನಲ್ಲದವನು, ಆ ಸದ್ದು ಬೇರು ಬಿಟ್ಟರೂ ಚಿಂತೆಯಿಲ್ಲದವನು, ಅದು ಬೇರು ಬಿಡಲೇ ಬೇಕಾದವನು ಊರಿನಲ್ಲಿ ಒಬ್ಬನೇ ಇದ್ದ. ನನ್ನ ಜೊತೆ ಒಂದೇ ಒಲೆಯ ಅನ್ನ ಉಣ್ಣುತ್ತಿದ್ದ.

ಕೈ ಬಿಡುವ ದಿನ ಬೆಳಿಗ್ಗೆ, ನನಗೆ ನೆಗಡಿ, ಕಿವಿ ಮುಚ್ಚಿದೆ, ನನ್ನ ಬದಲು ನೀನು ಹೋಗಿ ಕೂತುಬಾ ಎಂದೆ ಲಗಮಣ್ಣನಿಗೆ. ನನ್ನಂಥವನನ್ನು ಯಾರು ಕೂರಿಸಿಕೊಳ್ಳುತ್ತಾರೆ ಎಂದ. ಮಲಗಿದವರಿಗೆ ಯಾರು ಕೂತಿದ್ದಾರೆಂದು ಕಾಣುವುದಿಲ್ಲ, ನಡೆ ಎಂದೆ. ಮುಂದೆ ನಡೆಸಿಕೊಂಡು ಹೋದೆ. ಒಳಗೆ ಫಕೀರಪ್ಪ ಬೋರಲು ಮಲಗಿದ್ದ, ಮುಖ ಹಾಸಿಗೆಯ ರಂಧ್ರದಲ್ಲಿ, ಬೆನ್ನಿನ ಮೇಲೆ ಬಿಳಿ ಬಟ್ಟೆ. ಎಡಗಿವಿಗೆ ಅರಳೆ ಇಟ್ಟಾಗಿತ್ತು, ಬಲಗಿವಿಗೆ ಅಂಗೈಯ ಸಂದಿಯಿಂದ ತೂರಿಸಿದ್ದರು. ಆ ಎತ್ತಿದ ಮೊಣಕೈಯನ್ನು ನೋಡಿದ ಕೂಡಲೇ ಲಗಮಣ್ಣನಿಗೆ ಯಾರೆಂದು ತಿಳಿಯಿತು. ಬಾಗಿಲಲ್ಲಿ ನಿಂತ. ಹಿಂದೆ ನಾನು ನಿಂತಿದ್ದೆ, ಹೋಗಲು ಜಾಗ ಬಿಡಲಿಲ್ಲ.

ಜುಬೇದಾ ಬಾಯಿ ಅವನನ್ನು ನೋಡಿದರು, ಆಮೇಲೆ ನನ್ನನ್ನು. ತಮ್ಮ ಕಿವಿಗೆ ತಾವೇ ಅರಳೆ ಇಟ್ಟುಕೊಂಡು, ಫಕೀರಪ್ಪನ ಹೆಗಲಿಗೆ ಕೈ ಹಚ್ಚಿದರು. ಲಗಮಣ್ಣ ಹೋಗಿ ಕುರ್ಚಿಯ ಮೇಲೆ ಕೂತ. ನಾನು ಬಾಗಿಲು ಎಳೆದುಕೊಂಡೆ.

ಈ ಸಲವೂ ಹೊರಗೆ ಏನೂ ಕೇಳಿಸಲಿಲ್ಲ. ಹೊಸ್ತಿಲ ಪಕ್ಕ ಫಕೀರಪ್ಪನ ಹಳೆ ಚಪ್ಪಲಿ ಅಂದಿನಿಂದ ಅಲ್ಲೇ ಇದ್ದವು, ಇಷ್ಟು ವಾರ ಬಂದು ಹೋದರೂ ಅವನು ಮುಟ್ಟಿರಲಿಲ್ಲ, ಧೂಳು ಕೂತಿತ್ತು. ಸೆರಗಿನಿಂದ ಒರೆಸಿ ಇಟ್ಟೆ. ಯಾಕೆ ಒರೆಸಿದೆ ಎಂದು ಗೊತ್ತಿಲ್ಲ, ಕೈಗೆ ಏನಾದರೂ ಕೆಲಸ ಬೇಕಿತ್ತು.

ಬಾಗಿಲು ತೆರೆದಾಗ ಫಕೀರಪ್ಪನ ಬಲಗೈ ಮಂಚದಿಂದ ಕೆಳಗೆ ಜೋತು ಬಿದ್ದಿತ್ತು, ನಿದ್ದೆ ಹೋದ ಮಗುವಿನ ಕೈಯಂತೆ. ಜುಬೇದಾ ಬಾಯಿ ಮೂಲೆಯಲ್ಲಿ ಕೈ ತೊಳೆಯುತ್ತಿದ್ದರು. ಲಗಮಣ್ಣ ಎದ್ದು ನಿಂತಿದ್ದ. ಬಾಗಿ ಒಂದು ಕಿವಿಯ ಅರಳೆ ತೆಗೆದ. ಸುತ್ತು ಹಾಕಿ ಬಂದು ಇನ್ನೊಂದನ್ನೂ ತೆಗೆದ, ಎಳೆ ಉಳಿಯದಂತೆ. ಫಕೀರಪ್ಪ ಮುಖ ತಿರುಗಿಸಿ ನೋಡಿದ. ನೋಡಿದವನ ಮುಖದ ಬಣ್ಣ ಹೋಯಿತು. ಅವನು ಏನು ಕೇಳಬೇಕೆಂದಿದ್ದನೋ ಅದನ್ನು ರೋಗಿ ಕೇಳುವಂತಿರಲಿಲ್ಲ.

ನಾನು ತಮ್ಮನ ಬಾಯನ್ನೇ ನೋಡುತ್ತಿದ್ದೆ. ಈಗ ಕೂಗುತ್ತಾನೆ, ಈಗ ಅವನ ಕತ್ತು ಹಿಡಿಯುತ್ತಾನೆ, ಹಿಡಿಯಲಿ, ಕಟ್ಟಳೆ ಹಾಳಾಗಿ ಹೋಗಲಿ ಎಂದುಕೊಂಡೆ. ಲಗಮಣ್ಣ ಅಂಗೈಯಲ್ಲಿದ್ದ ಅರಳೆಯ ಉಂಡೆಯನ್ನು ನೋಡಿದ.

"ಹೋತು," ಎಂದ. "ಏಳು."

ಆಮೇಲೆ ಅಂಗೈಯನ್ನು ಬಾಯಿಯ ಹತ್ತಿರ ತಂದು ಊದಿದ. ಎದೆ ತಳದಿಂದ ಬಂದ ಉಸಿರು. ಅರಳೆ ಹಾರಿ ಹೋಗಿ ಎದುರಿನ ಗಾದಿಗೆ ಅಂಟಿತು.

ಫಕೀರಪ್ಪ ಆ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋದ. ತಿಂಗಳೊಳಗೆ ಗಣಿಗೆ ಮರಳಿದ. ಈಗ ಚೆನ್ನಾಗಿ ನಿದ್ದೆ ಮಾಡುತ್ತಾನಂತೆ, ಅವನ ಅವ್ವನೇ ಹೇಳಿದಳು. ಕಟ್ಟೆಯ ಮೇಲೆ ಅವನು ಬಂದರೆ ಈಗಲೂ ಸರಿದು ಜಾಗ ಬಿಡುತ್ತಾರೆ. ದಾರಿಯಲ್ಲಿ ಲಗಮಣ್ಣ ಎದುರಾದರೆ ತಲೆ ತಗ್ಗಿಸುತ್ತಾನೆ, ಅದನ್ನೂ ಊರು ಅವನ ಒಳ್ಳೆಯತನಕ್ಕೆ ಜಮಾ ಮಾಡಿದೆ. ಲಗಮಣ್ಣನಿಗೆ ಗಣಿಯಲ್ಲಿ ಕೆಲಸವಿಲ್ಲ. ನನ್ನ ಜೊತೆ ಗಾದಿಗೆ ಅರಳೆ ತುಂಬುತ್ತಾನೆ. ಗಿರಾಕಿಗಳು ಬಂದಾಗ ಹಿತ್ತಲಿಗೆ ಹೋಗುತ್ತಾನೆ, ಕೊಲೆಗಾರನ ಕೈ ತಾಗಿದ ಗಾದಿಯ ಮೇಲೆ ಬಸುರಿಯನ್ನು ಮಲಗಿಸಬಾರದು ಎಂದು ಒಬ್ಬಳು ಹಿಂದಿರುಗಿಸಿದ ಮೇಲೆ. ಊರಿಗೆ ಹೇಳಿಬಿಡಲೇನೋ ಎಂದು ನಾನು ಒಂದು ಸಲ ಕೇಳಿದೆ. ನೀನು ಕೇಳಿದ್ದೀಯೇನು ಎಂದ. ಇಲ್ಲ ಎಂದೆ. ಹಾಗಾದರೆ ಏನು ಹೇಳುತ್ತೀ ಎಂದು ದಾರ ಕತ್ತರಿಸಿಕೊಂಡ.

ಮೊನ್ನೆ ನಡುಹಗಲು ಗುಡ್ಡದ ಮೇಲಿನಿಂದ ಸೀಟಿ ಕೇಳಿಸಿತು. ಈಗ ಊದುವವನು ಗುತ್ತೇದಾರನ ಕಡೆಯವನು. ಲಗಮಣ್ಣ ಅರಳೆಯಲ್ಲಿ ಕೈ ಇಟ್ಟುಕೊಂಡೇ ಆಲಿಸಿದ, ಮೂರೂ ಮುಗಿಯುವ ತನಕ.

"ಮೂರಕ್ಕ ನಿಲ್ಲಸ್ತಾನ ಅಂವಾ," ಎಂದ. "ಊದಿ ತಿರುಗಿ ನಿಂತುಬಿಡ್ತಾನ. ಕೆಳಗ ಯಾರರೆ ಇನ್ನೂ ಕುಂತಾರೇನು ಅಂತ ನೋಡಂಗಿಲ್ಲ. ನೋಡಿದರ ಇನ್ನೊಂದ ಊದಬೇಕನಸ್ತದ, ಅಕ್ಕಾ. ಅದಕ್ಕ ಉಸುರು ತಗೋತಿರ್ತೀವಿ, ಅಷ್ಟರಾಗ..."

ಅಷ್ಟರಲ್ಲಿ ಗುಡ್ಡದ ಮೇಲೆ ಮದ್ದು ಹಾರಿತು. ಪಾತ್ರೆಗಳು ಅದುರಿದವು. ಅವನು ಬೆಚ್ಚಲಿಲ್ಲ. ಗಾದಿಯ ಮೂಲೆಯನ್ನು ನನ್ನ ಕಡೆಗೆ ಸರಿಸಿ ಹೊಲಿ ಎಂದ. ಅವನ ಎದೆಯಲ್ಲಿ ಅಷ್ಟು ಕಾಲ ನಿಂತಿದ್ದ ಉಸಿರು ಯಾವುದೆಂದು ನನಗೆ ಆಗ ತಿಳಿಯಿತು. ಊದದೆ ಉಳಿದದ್ದೇ ನಿಜ, ಕಟ್ಟೆಯವರು ಅಷ್ಟರ ಮಟ್ಟಿಗೆ ಸುಳ್ಳು ಹೇಳಿರಲಿಲ್ಲ. ಊದಬೇಕಾದ ಮೂರನ್ನೂ ಊದಿ ಮುಗಿಸಿ, ಯಾರೂ ಕೇಳದ ನಾಲ್ಕನೆಯದಕ್ಕೆಂದು ಎಳೆದುಕೊಂಡ ಉಸಿರು ಅದು, ಕೆಳಗೆ ಇಬ್ಬರು ಇನ್ನೂ ಏಳದೆ ಕೂತಿದ್ದನ್ನು ಕಂಡು. ಹೊರಗೆ ರಸ್ತೆಯಲ್ಲಿ ಇಬ್ಬರು ಹೆಂಗಸರು ಸೀಟಿಯ ಬಗ್ಗೆಯೇ ಮಾತಾಡಿಕೊಂಡು ಹೋದರು. ಈಗಿನವನು ಎಷ್ಟು ಚೆಂದ ಊದುತ್ತಾನೆ, ಮೊದಲೇ ಇವನಿದ್ದಿದ್ದರೆ ಆ ಹುಡುಗ ಉಳಿಯುತ್ತಿದ್ದ ಎಂದರು. ನಾನು ಸೂಜಿಯನ್ನು ಗಾದಿಗೆ ಚುಚ್ಚಿದೆ. ತಮ್ಮ ಆ ಕಡೆಯಿಂದ ಅದನ್ನು ಎಳೆದುಕೊಂಡ.